ಸೇರಿದವರ ಕೂಲಿ, ಸೇರದವರ ಕೂಲಿ

ರಾಯದುರ್ಗ
೧೪ ಸೆಪ್ಟೆಂಬರ್ ೨೦೦೩, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮಡಕಶಿರಾ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಕುರಿಗಳ ಹಿಂದೆ ಓಡಾಡುತ್ತ ಮರೆತೇಬಿಟ್ಟೆಯಾ? ಇಲ್ಲಿ ಪಾಪು ಚೆನ್ನಾಗಿದ್ದಾಳೆ. ಹಲ್ಲು ಬರುತ್ತಿದೆ, ನನ್ನನ್ನು ಮಾತ್ರ ಮಲಗಗೊಡುವುದಿಲ್ಲ. ತಲೆ ಮಂಕಾಗಿದೆ, ಬರೆದದ್ದು ಹಿಂದುಮುಂದಾದರೆ ಸರಿಮಾಡಿಕೊಂಡು ಓದು.

ಕೂಲಿಕಾರರ ಸಂಘಕ್ಕೆ ಹೆಸರು ಕೊಡಲೋ ಬೇಡವೋ ಎಂದು ನಾನು ಕೇಳಿದ್ದಕ್ಕೆ ನೀನು, "ಓದಿರೋಳು ನೀನು, ಸೇರ್ದೋರಿಗೆ ಕೂಲಿ ಎಷ್ಟು ಜಾಸ್ತಿ ಆಗೈತೆ ನೋಡ್ಕಂಡು ಆಮೇಲೆ ಕೊಡು" ಎಂದಿದ್ದೆ. ನೋಡಿದೆ. ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಸಂಘದವರ ಕೂಲಿಯೇ ಹೆಚ್ಚು. ಖುಷಿಯಾಯಿತು. ಆಮೇಲೆ ಗಮನಿಸಿದರೆ, ಸೇರಿದವರೆಲ್ಲ ಬೆಲ್ಟು, ಜಿಪ್ಪು ಹೊಲಿಯುವವರು; ಆ ಪೀಸಿಗೆ ಮೊದಲಿಂದಲೂ ರೇಟು ಜಾಸ್ತಿ. ಅವರನ್ನು ದಾರ ಕತ್ತರಿಸುವವರ ಜೊತೆ ತೂಗಿ ನಾನು ಹಿಗ್ಗಿದ್ದೆ. ಸರಿ, ಒಂದೇ ಕೆಲಸದ ಇಬ್ಬರನ್ನು ಹಿಡಿದೆ, ಸಂಘದ ಕೊಟ್ರಮ್ಮ, ಸೇರದ ಲಕ್ಷ್ಮಕ್ಕ. ಸಂಘ ಬರುವ ಮೊದಲು ಎಷ್ಟಿತ್ತು, ಬಂದು ಮೂರು ವರ್ಷವಾದ ಮೇಲೆ ಎಷ್ಟಾಗಿದೆ ಎಂದು ಕೇಳಿದರೆ ಇಬ್ಬರದೂ ಸಮಸಮ ಏರಿದೆ. ಅಂದರೆ ಸಂಘದಿಂದ ಏನೂ ಆಗಿಲ್ಲ ತಾನೆ? ಲಕ್ಷ್ಮಕ್ಕ ನಕ್ಕಳು: "ಚಂದಾ ಆಕೀದು, ಕೂಲಿ ಇಬ್ರದೂ. ನಾನ್ಯಾಕ ಸೇರ್ಲಿ?" ಕೊಟ್ರಮ್ಮ ಬಿಡಲಿಲ್ಲ: "ನಾವು ಜಗಳ ಮಾಡಿದ ವಾರನ ನಿಮಗೂ ಏರಿಸಿದ್ರಲ್ಲ, ಅದು ಯಾಕ ಅಂತ ಸಾಹುಕಾರ್ರನ್ನ ಕೇಳ್ರಿ." ಕೇಳಬೇಕಾಗಲಿಲ್ಲ. ಮೊನ್ನೆ ಯೂನಿಟ್ಟಿನ ಸಾಹುಕಾರರೇ ನನ್ನನ್ನು ಕರೆದು, "ಅವರಿಗೆ ಕೊಟ್ಟಷ್ಟು ನಿಮಗೂ ಕೊಡ್ತೀನಿ, ಆ ಕಡೆ ಹೋಗಬ್ಯಾಡ್ರಿ" ಎಂದರು.

ಹಾಗಾದರೆ ಲಕ್ಷ್ಮಕ್ಕನಿಗೆ ಏರಿದ್ದು ಯಾರ ಲೆಕ್ಕಕ್ಕೆ? ಸಂಘವೇ ಇಲ್ಲದಿದ್ದರೆ ಇಬ್ಬರ ಕೂಲಿಯೂ ಈಗ ಎಲ್ಲಿರುತ್ತಿತ್ತು? ಕೈ ಪಳಗಿ ಏರಿದ್ದೆಷ್ಟು? ಎಕನಾಮಿಕ್ಸ್ ಓದಿದರೂ ತಿಳಿಯುತ್ತಿಲ್ಲ. ಎಲ್ಲರೂ ಲಕ್ಷ್ಮಕ್ಕನಂತೆ ಸುಮ್ಮನೆ ಕೂತರೆ ಕೇಳುವವರು ಯಾರು ಎಂದೂ ಅನ್ನಿಸುತ್ತದೆ. ಆದರೆ ಪಾಪುವಿನ ಸೀರೆ ಜೋಳಿಗೆಯನ್ನು ಮಿಷನ್ನಿನ ಪಕ್ಕದ ಜಂತಿಗೆ ಕಟ್ಟಲು ಬಿಟ್ಟಿರುವವರೂ ಸಾಹುಕಾರರೇ. ಹೆಸರು ಕೊಟ್ಟರೆ ಬಿಡುತ್ತಾರೆಯೇ? ನಿನ್ನ ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ. ಮಗುವನ್ನು ಎಲ್ಲಿಡಲಿ?

ಅಪ್ಪನಿಗೆ ನಮಸ್ಕಾರ, ತಮ್ಮ ಅಂಜಿನಿಗೆ ಮುದ್ದು. ನನ್ನ ಚಿಂತೆಯನ್ನು ಅಪ್ಪನ ಮುಂದೆ ಓದಬೇಡ.

ನಿನ್ನ ಮಗಳು,
ರಾಧಾ

ಸೋಮವಾರ ಸಂಜೆ: ಲೆಕ್ಕ ಮುಗಿಯದೆಯೇ ಇವತ್ತು ಹೆಸರು ಕೊಟ್ಟುಬಿಟ್ಟೆ. ಊಟದ ಹೊತ್ತಿಗೆ ಸಾಹುಕಾರರು ಜೋಳಿಗೆ ಬಿಚ್ಚಿಸಿದರು. "ನಮ್ಮತ್ತೆ ನೋಡ್ಕಂತಾಳ, ಆದ್ರ ಈ ವಾರ ಅಷ್ಟ" ಎಂದು ಪಾಪುವನ್ನು ಎತ್ತಿಕೊಂಡು ಹೋದವಳು ಲಕ್ಷ್ಮಕ್ಕ. ಕುರಿಗಳನ್ನು ಅಪ್ಪನಿಗೆ ಬಿಟ್ಟು, ಕಾಗದ ಸಿಕ್ಕ ದಿನವೇ ಬಸ್ಸು ಹತ್ತು.