ಹಲ್ಲಿ ನೋಡುವಷ್ಟರಲ್ಲಿ ಮಾಯವಾದ ಗೂಡು

ನವೆಂಬರ್ 19, ಬುಧವಾರ, ಜಂಗಮಕೋಟೆ

ನಗು ತಡೆಯಲಾಗದೆ ನಿದ್ದೆ ಬರುತ್ತಿಲ್ಲ. ರಾಜನ ಉಂಗುರ ನುಂಗಿದ ಹಲ್ಲಿಯ ಕಥೆಯನ್ನು ನನಗೆ ಮೊದಲು ಹೇಳಿದವಳು ಅಜ್ಜಿ ಚಿಕ್ಕವೆಂಕಟಮ್ಮ, ನಾನು ಹಿಪ್ಪುನೇರಳೆ ಸೊಪ್ಪು ಬಿಡಿಸಲು ಕಲಿತ ವರ್ಷ. ನಿನ್ನೆ ಸಂಜೆ ನನ್ನ ಮಾನ ಉಳಿಸಿದ್ದು ಅದೇ ಕಥೆ.

ಮೊಬೈಲ್ ನೋಡಿ ಕೈಚಳಕ ಕಲಿಯಲು ಹೊರಟಾಗಿನಿಂದ ಅಕ್ಕನ ಮಗಳು ಹರಿತಾ ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾಳೆ. ಅವಳು ಶಾಲೆಯಲ್ಲಿ ಟೀಚರ್. ತನ್ನ ಕಣ್ಣು ತಪ್ಪಿಸಿದರೆ ಮಾತ್ರ ಮಕ್ಕಳ ಮುಂದೆ ಆಟ ತೋರಿಸಲು ಕರೆದೊಯ್ಯುತ್ತೇನೆ ಎಂದಿದ್ದಳು. ನಾನು ರೇಷ್ಮೆಗೂಡನ್ನು ಅಂಗೈಯಲ್ಲಿ ಅಡಗಿಸಿದಾಗಲೆಲ್ಲ, "ಎಡಗೈ ತೆಗಿ ಮಾವ, ಹೆಬ್ಬೆರಳು ಸೆಟ್ಕೊಂಡೈತೆ!" ಎಂದು ನಗುತ್ತಿದ್ದಳು. ವಿಡಿಯೋದವನಂತೆ ನಾನೂ ತುಟಿ ಬಿಗಿದುಕೊಂಡೇ ಮಾಡುತ್ತಿದ್ದೆ. ಬಾಯಿ ಮುಚ್ಚಿದರೆ ನನ್ನ ಕೈ ಓಡುವುದಿಲ್ಲ.

ನಿನ್ನೆ ಕಥೆ ಹೇಳುತ್ತಲೇ ಮಾಡಿದೆ. ರಾಜ ಉಂಗುರ ಹುಡುಕಿಸಿದ, ಭಟರು ಓಡಿದರು. "ಹಲ್ಲಿ ಎಲ್ಲಿತ್ತು ಗೊತ್ತೇನಮ್ಮ?" ಎಂದು ನಾನು ಸೂರು ನೋಡಿದೆ. ಅಕ್ಕ ನೋಡಿದಳು, ಹರಿತಾಳೂ ನೋಡಿದಳು. ಅಷ್ಟರಲ್ಲಿ ಗೂಡು ನನ್ನ ಪಂಚೆಯ ಮಡಿಕೆ ಸೇರಿತ್ತು. ಎರಡೂ ಕೈ ಬಿಡಿಸಿ ತೋರಿಸಿದೆ. ಹರಿತಾ ಅವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಬ್ಬ, ಅವಳ ಆ ಪೆಚ್ಚುಮೋರೆ! ಎಷ್ಟೋ ಊರುಗಳಲ್ಲಿ ಕಥೆ ಹೇಳಿದ್ದೇನೆ, ಯಾವ ಚಪ್ಪಾಳೆಯೂ ಇಷ್ಟು ರುಚಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ಚಾಪೆ ಕೊಡವಿ, "ಒಳ್ಳೇ ಗೂಡು ಕಳದ್ಬಿಟ್ಯಲ್ಲೋ" ಎಂದು ಗೊಣಗಿದಳು. ಹರಿತಾ ನನ್ನ ಅಂಗಿಯ ಜೇಬು ತಡಕಿದಳು, ಬಾಗಿಲ ಸಂದಿ ಇಣುಕಿದಳು, ಕೊನೆಗೆ ಸ್ಕೂಟರ್ ಸ್ಟಾರ್ಟ್ ಮಾಡಿ ಕೂಗಿದಳು: "ಬಾ ಮಾವ, ಹತ್ತು. ಸ್ಕೂಲ್ ಪ್ರೇಯರ್‌ಗೆ ಲೇಟಾಗ್ತದೆ!"