ಎಡಗೈಯ ನಾಡಿ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ತಿಂಗಳಿಂದ ಔಷಧದ ಎಣ್ಣೆ ಕಾಯಿಸುವುದೇ ಕೆಲಸ. ಈ ಹಾಳೆಯ ಮೂಲೆಗೂ ಜಿಡ್ಡು ಅಂಟಿದೆ ನೋಡು. ನಿನ್ನ ಮಂಡಿನೋವಿಗೆ ಒಂದು ಬಾಟಲಿ ಕಳಿಸುತ್ತೇನೆ, ಬಿಸಿ ಮಾಡಿ ಹಚ್ಚಿಕೋ. ವಾತಕ್ಕೆ ಒಳ್ಳೆಯದು.

ವೈದ್ಯ ಮಹಾಶಯರು, ಅಂದರೆ ನನ್ನ ಯಜಮಾನರು, ಚೆನ್ನಾಗಿದ್ದಾರೆ. ತುಂಬಾ ಚೆನ್ನಾಗಿದ್ದಾರೆ. ಯಾಕಿರಬಾರದು? ವಾರಕ್ಕೆ ಮೂರು ಸಲ ಸಂಗೀತದ ಟೀಚರ್ ಬರುತ್ತಾಳೆ. ಅವಳಿಗೂ ವಾತವಂತೆ, ಸೊಂಟ ಹಿಡಿದುಕೊಂಡಿದೆಯಂತೆ. ಸೊಂಟ ಹಿಡಿದವರು ಹಾಗೆ ನಗುನಗುತ್ತಾ ಮೆಟ್ಟಿಲು ಹತ್ತುತ್ತಾರಾ, ನೀನೇ ಹೇಳು.

ಇವರು ನಾಡಿ ನೋಡುವ ರೀತಿ ನಿನಗೆ ಗೊತ್ತಲ್ಲ. ಕಣ್ಣು ಮುಚ್ಚಿ ಮಣಿಕಟ್ಟಿನ ಮೇಲೆ, ಹೆಂಗಸರಾದರೆ ಎಡಗೈಗೆ, ಮೂರು ಬೆರಳಿಡುತ್ತಾರೆ. ಒಂದಕ್ಕೆ ವಾತ, ಒಂದಕ್ಕೆ ಪಿತ್ತ, ಇನ್ನೊಂದಕ್ಕೆ ಕಫ. ಮುಖ ನೋಡಿದರೆ ಬೆರಳು ಮೋಸ ಹೋಗುತ್ತದಂತೆ. ಒಬ್ಬರು ಎದ್ದು ಇನ್ನೊಬ್ಬರು ಕೂತರೂ ಕಣ್ಣು ತೆರೆಯುವುದಿಲ್ಲ. ಮೊನ್ನೆ ಕಷಾಯ ಇಡಲು ಒಳಗೆ ಹೋದೆ. ಅವಳು ತುಟಿ ಬಿಚ್ಚದೆ ಕೈ ಚಾಚಿದಳು. ಇವರು ಬೆರಳಿಟ್ಟಿದ್ದೇ ತಡ, “ಓಹೋ, ಟೀಚರ್! ನಿನ್ನೆ ರಾತ್ರೀನೂ ನಿದ್ದೆ ಮಾಡ್ಲಿಲ್ವಾ?” ಅಂದರು. ಅವಳು ಕಿಸಕ್ಕನೆ ನಕ್ಕಳು. ನನ್ನ ಹೊಟ್ಟೆ ಉರಿದುಹೋಯಿತು. ಹೊಟ್ಟೆಕಿಚ್ಚು ಅಂತ ನೀನು ನಗಬಹುದು. ಹೌದು, ಹೊಟ್ಟೆಕಿಚ್ಚೇ, ಏನೀಗ?

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಸಾವಿರಾರು ಕೈ ನೋಡಿದ್ದೀನಿ ಕಣೇ. ಒಂದ್ಸಲ ಹಿಡಿದ ಕೈನ ನನ್ನ ಬೆರಳು ಮರೆಯೋದಿಲ್ಲ,” ಅಂತ ಜಂಬ ಕೊಚ್ಚಿಕೊಂಡರು. ಸರಿ, ನೋಡೇಬಿಡೋಣ ಅಂದುಕೊಂಡೆ. ನಿನ್ನೆ ಬೆಳಿಗ್ಗೆ ಬಳೆ ತೆಗೆದಿಟ್ಟು, ಸೋಪು ಹಾಕಿ ಕೈ ತಿಕ್ಕಿ ತೊಳೆದು, ಹೊರಗಿನ ಬೆಂಚಿನಲ್ಲಿ ರೋಗಿಗಳ ಜೊತೆ ಕೂತೆ. ಟೋಕನ್ ಹನ್ನೊಂದು. ಪಕ್ಕದಲ್ಲಿದ್ದ ದರ್ಜಿ, “ಏನಮ್ಮಾ, ಮನೇಲೇ ವೈದ್ಯರನ್ನ ಇಟ್ಕೊಂಡು ನೀವೂ ಟೋಕನ್ನಾ?” ಅಂದ. ನಾನು ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದೆ.

ನನ್ನ ಸರದಿ ಬಂದಾಗ ಒಳಗೆ ಹೋಗಿ ಮಾತಿಲ್ಲದೆ ಎಡಗೈ ಚಾಚಿದೆ. ಪಿತ್ತ ಕೆರಳಿದೆಯಂತೆ. ಹುಳಿ, ಖಾರ ಬಿಡಬೇಕಂತೆ. ಬಿಸಿಲಿಗೆ ಹೋಗಬಾರದಂತೆ, ತಲೆಗೆ ತಂಪಿನೆಣ್ಣೆ ಹಚ್ಚಬೇಕಂತೆ. ಆ ಎಣ್ಣೆ ಕಾಯಿಸುವವಳೇ ನಾನು! ಇರಲಿ. ಟೀಚರಮ್ಮನ ಸೊಂಟವೂ ಬೇಗ ವಾಸಿಯಾಗಲಿ, ನಮ್ಮ ಮೆಟ್ಟಿಲು ಹತ್ತುವ ಕಷ್ಟ ಅವಳಿಗೆ ತಪ್ಪಲಿ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಸುಖವಾಗಿರಲಿ.

ಇಂತಿ ನಿನ್ನ
ಮೆಣಸಿನಕಾಯಿ

ವಿ.ಸೂ.: ಅಕ್ಕ, ಒಂದು ಮಾತು ಮೇಲೆ ಬರೆಯಲಿಲ್ಲ. ಪಥ್ಯ ಹೇಳಿ ಮುಗಿಸಿದ ಮೇಲೂ ಇವರು ಬೆರಳು ತೆಗೆಯಲಿಲ್ಲ. ಈಗ ಗುರುತು ಹಿಡಿಯುತ್ತಾರೆ, ಈಗ ನಗುತ್ತಾರೆ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ. ಮೆತ್ತಗೆ, ನನ್ನ ಹತ್ತಿರ ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿಲ್ಲ ಅಕ್ಕ, “ತುಂಬಾ ದಣಿದಿದ್ದೀರಮ್ಮ. ಮನೇಲಿ ನಿಮ್ಮನ್ನ ನೋಡ್ಕೊಳ್ಳೋರು ಯಾರೂ ಇಲ್ವಾ?” ಅಂದರು. ಬಾಯಿ ಬಿಟ್ಟರೆ ದನಿ ಗೊತ್ತಾಗಿಬಿಡುತ್ತದಲ್ಲ. ಇಲ್ಲ ಅಂತ ತಲೆಯಾಡಿಸಿದೆ. ಕಣ್ಣು ಮುಚ್ಚಿಕೊಂಡಿದ್ದರು, ಅದೂ ಕಾಣಲಿಲ್ಲ.