ಯಾವ ಊರಿಗೂ ಬಾರದ ಹಿತಕರ ಹವೆ

ಹವಾಮಾನ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಮಾತು ನಂಬಿದ್ದಕ್ಕೆ ನಮ್ಮಣ್ಣನ ಜೇನುಗಳೆಲ್ಲ ಸತ್ತವು. ಕ್ಷೇಮ ಸಮಾಚಾರ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಕ್ಷಮಿಸಿ.

ಹಿಮ ಬೀಳುವ ನಮ್ಮ ಈ ಉತ್ತರದ ಊರಿನಲ್ಲಿ ಚಳಿಗಾಲವಿಡೀ ಅಣ್ಣ ಜೇನುಪೆಟ್ಟಿಗೆಗಳಿಗೆ ಹಳೇ ಕಂಬಳಿ ಸುತ್ತಿಡುತ್ತಾನೆ. ಅದನ್ನು ಯಾವತ್ತು ಬಿಚ್ಚಬೇಕೆಂಬುದೇ ಅವನ ವರ್ಷದ ದೊಡ್ಡ ತೀರ್ಮಾನ. ಬೇಗ ಬಿಚ್ಚಿದರೆ ಚಳಿ, ತಡವಾದರೆ ಒಳಗೆ ಬೆವೆತು ಬೂಷ್ಟು. ಈ ಸಲ ನೀವು ರೇಡಿಯೊದಲ್ಲಿ "ವಸಂತ ಕಾಲಿಟ್ಟಿದೆ, ವಾರವಿಡೀ ಹಿತಕರ ಹವೆ" ಎಂದಿರಿ. "ಇನ್ನೊಂದು ವಾರ ಇರ್ಲಿ ಕಣಣ್ಣ" ಎಂದೆ ನಾನು. "ಓದಿದೋರೇ ಹೇಳ್ತಿದಾರೆ, ನಿನ್ನದೇನೇ ಅಡ್ಡಬಾಯಿ?" ಎಂದು ಗದರಿಸಿ ಅಣ್ಣ ಕಂಬಳಿ ಮಡಚಿಟ್ಟ. ವಾರ ಮುಗಿಯುವ ಮೊದಲೇ, ಒಂದು ರಾತ್ರಿ ನಾವು ಮಲಗಿದ್ದಾಗ, ಹಿಮ ಬಿತ್ತು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತರು, ಪಾಪ, ನಿಜ ಬಾಯಿಬಿಟ್ಟರು. "ನಮ್ಮ ಒಂದು ಲೆಕ್ಕ ಸೆಕೆ ಅಂತು, ಇನ್ನೊಂದು ಹಿಮ ಅಂತು ಮೇಡಂ. ರಗಳೆ ಯಾಕೆ ಅಂತ ಮಧ್ಯದ್ದು ಹೇಳಿದ್ವಿ."

ಮಧ್ಯದ್ದು! ಎಂಥ ಸಜ್ಜನಿಕೆ! ನೀವೇ ಶಾಲೆಗಳಿಗೆ ಹಂಚಿದ ಚಿತ್ರಪಟದಲ್ಲಿದೆಯಲ್ಲ: ವಿಮಾನಗಳು ಹಾರುವ ಎತ್ತರದಲ್ಲಿ ಜೆಟ್ ಪ್ರವಾಹವೆಂಬ ಬಿರುಗಾಳಿ ನದಿಯ ಹಾಗೆ ಹರಿಯುತ್ತದೆ. ಅದರ ಒಂದು ದಡಕ್ಕೆ ಧ್ರುವದ ತಣ್ಣನೆಯ ವಾಯುರಾಶಿ, ಇನ್ನೊಂದು ದಡಕ್ಕೆ ಬೆಚ್ಚನೆಯದು. ವಸಂತದಲ್ಲಿ ಆ ಹರಿವು ಅಂಕುಡೊಂಕಾಗುತ್ತದೆ. ನಮ್ಮೂರು ಇವತ್ತು ಈ ದಡ, ನಾಳೆ ಆ ದಡ. ಹಾಗಿದ್ದ ಮೇಲೆ ಮಧ್ಯದ ಹಿತಕರ ಹವೆಯನ್ನು ಯಾವ ಅಂಗಡಿಯಿಂದ ತಂದಿರಿ, ಸ್ವಾಮಿ?

ಜೇನು ಹೇಗೆ ಸತ್ತವೆಂದು ನಿಮಗೆ ಹೇಳಲೇಬೇಕು. ಬೆಚ್ಚನೆಯ ದಿನಗಳನ್ನು ನಂಬಿ ಅವು ಮರಿಹುಳುಗಳನ್ನು ಬೆಳೆಸತೊಡಗಿದ್ದವು. ಚಳಿ ಬಂದಾಗ ಮರಿಗಳನ್ನು ಬಿಟ್ಟು ಒಂದೆಡೆ ಮುದ್ದೆಗಟ್ಟಿ ಕೂತಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಬಿಡಲಿಲ್ಲ. ಪೆಟ್ಟಿಗೆ ತೆರೆದಾಗ ಮರಿಗಳ ಮೇಲೆ ಕವುಚಿಕೊಂಡೇ ಸತ್ತಿದ್ದವು. ಅಣ್ಣ ಮುಚ್ಚಳ ಮುಚ್ಚಿ, ಮನೆಯೊಳಗಿನಿಂದ ಕಂಬಳಿ ತಂದು ಮತ್ತೆ ಸುತ್ತಿದ. "ಇನ್ಯಾಕಣ್ಣ?" ಎಂದೆ. "ಸುಮ್ನಿರೇ" ಎಂದ. ನನಗೆ ಅಳು ತಡೆಯಲಾಗಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಎರಡು ಗಾಳಿಗಳು ಹೊಡೆದಾಡುತ್ತಿದ್ದಾಗ "ಬಿಸಿಲೋ ಹಿಮವೋ, ನಮಗೆ ಗೊತ್ತಿಲ್ಲ" ಎಂದು ರೇಡಿಯೊದಲ್ಲಿ ನೇರವಾಗಿ ಹೇಳಿ. ಅಷ್ಟು ಹೇಳಿದ್ದರೆ ಕಂಬಳಿ ಪೆಟ್ಟಿಗೆಯ ಮೇಲೇ ಇರುತ್ತಿತ್ತು. ನೀವು ಹೇಳುವುದಿಲ್ಲ, ಬಲ್ಲೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಅಣ್ಣ ಈಗಲೂ ಬೆಳಗಾದರೆ ಆ ಪೆಟ್ಟಿಗೆಗಳ ಪಕ್ಕ ರೇಡಿಯೊ ಇಟ್ಟುಕೊಂಡು ಕೂರುತ್ತಾನೆ. ಕಂಬಳಿ ಯಾವತ್ತು ಬಿಚ್ಚಲಿ ಎಂದು ನಿಮ್ಮನ್ನೇ ಕೇಳುತ್ತಾನೆ.

ಇಂತಿ,
ಅಡ್ಡಬಾಯಿ ಹಾಕಿಯೂ ತಡೆಯಲಾಗದ ತಂಗಿ